ಬದನಗುಪ್ಪೆಯ ದಾರಿ, ಮೈಸೂರಿನ ಆಮ್ಲಜನಕ

ಮೈಸೂರಿನಿಂದ ನಂಜನಗೂಡು, ಕವಲಂದೆ ದಾಟಿ ಚಾಮರಾಜನಗರಕ್ಕೆ ಹೋಗುವವರಿಗೆ ಊರು ಇನ್ನೇನು ಬಂತು ಎನ್ನುವಾಗ ಬದನಗುಪ್ಪೆ ಸಿಗುತ್ತದೆ. ರೈಲಿಗೂ ಅಲ್ಲೊಂದು ಪುಟ್ಟ ನಿಲ್ದಾಣವಿದೆ. ಕಳೆದ ದಶಕದಲ್ಲಿ ಬದನಗುಪ್ಪೆ ಮತ್ತು ಕೆಲ್ಲಂಬಳ್ಳಿಯ ಹೊಲಗಳನ್ನು ಸರ್ಕಾರ ಕೈಗಾರಿಕಾ ಪ್ರದೇಶಕ್ಕೆಂದು ತೆಗೆದುಕೊಂಡ ಮೇಲೆ ಈ ಊರು ಹಳ್ಳಿಯೂ ಅಲ್ಲದ, ಪೇಟೆಯೂ ಅಲ್ಲದ ಜಿಲ್ಲಾ ಕೇಂದ್ರದ ಅಂಚಾಗಿದೆ. ಹತ್ತು ಹನ್ನೆರಡು ಕಿಲೋಮೀಟರ್ ಆಚೆಗಿನ ಜಿಲ್ಲಾ ಆಸ್ಪತ್ರೆಯೇ 2021ರವರೆಗೂ ಇಲ್ಲಿನವರಿಗೆ ಹತ್ತಿರದ ದೊಡ್ಡ ಆಸರೆಯಾಗಿತ್ತು. ಹೆರಿಗೆ, ಹಾವು ಕಡಿತ, ಬೈಕ್ ಅಪಘಾತ, ಎಲ್ಲಕ್ಕೂ ಮೊದಲು ಓಡುತ್ತಿದ್ದದ್ದು ಅಲ್ಲಿಗೆ. ಅಲ್ಲಿಯ ವೈದ್ಯರು ಕೈಚೆಲ್ಲಿದರೆ ‘ಮೈಸೂರಿಗೆ ಬರೆದುಕೊಟ್ಟರು’ ಎನ್ನುತ್ತಿದ್ದರು. ಆಗ ಅದೇ ಆಂಬುಲೆನ್ಸ್ ಬದನಗುಪ್ಪೆಯ ಮುಂದೆಯೇ ವಾಪಸು ಹಾದು ಅರವತ್ತು ಕಿಲೋಮೀಟರ್ ದೂರದ ಕೆ.ಆರ್. ಆಸ್ಪತ್ರೆಗೆ ಓಡುತ್ತಿತ್ತು.

ಈ ರಸ್ತೆಯಲ್ಲಿ ರೋಗಿಗಳು ಮೈಸೂರಿನ ಕಡೆಗೆ ಹೋಗುತ್ತಾರೆ, ಔಷಧಿ, ತಜ್ಞರು, ಅಧಿಕಾರದ ಆದೇಶಗಳು ಮೈಸೂರಿನ ಕಡೆಯಿಂದ ಬರುತ್ತವೆ. ಬಹಳ ಕಾಲದಿಂದ ನಡೆದುಬಂದ ಕ್ರಮ ಇದು. 2021ರ ಮೇ 2ರ ರಾತ್ರಿ ಇದೇ ದಾರಿಯಲ್ಲಿ ಬರಬೇಕಿದ್ದ ಆಮ್ಲಜನಕದ ಸಿಲಿಂಡರುಗಳು ಹೊತ್ತಿಗೆ ಬರಲಿಲ್ಲ, ಜಿಲ್ಲಾ ಆಸ್ಪತ್ರೆಯ ಕೊರೊನಾ ರೋಗಿಗಳು ಉಸಿರಿಲ್ಲದೆ ಸತ್ತರು. ಆ ರಾತ್ರಿ ನಡೆದದ್ದು ಒಂದು ಆಸ್ಪತ್ರೆಯ, ಒಬ್ಬ ಅಧಿಕಾರಿಯ ಲೋಪವಷ್ಟೇ ಅಲ್ಲ. ಅದರ ಬೇರುಗಳನ್ನು ಹುಡುಕುತ್ತಾ ಹೋದರೆ ಈ ಜಿಲ್ಲೆ ಹುಟ್ಟಿದ ಬಗೆಯವರೆಗೂ ಹೋಗಬೇಕಾಗುತ್ತದೆ.

ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ಖಾಸಾ ಚಾಮರಾಜ ಒಡೆಯರ್ ಹುಟ್ಟಿದ ಊರು ಇದು. ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಂದೆಯ ನೆನಪಿಗೆ ಇದನ್ನು ಚಾಮರಾಜನಗರವೆಂದು ಕರೆದರು, 1826ರಲ್ಲಿ ಚಾಮರಾಜೇಶ್ವರ ದೇಗುಲವನ್ನು ಕಟ್ಟಿಸಿದರು. ಅರಸರ ಅಕ್ಕರೆ ಹೆಸರು ಮತ್ತು ದೇಗುಲದ ರೂಪದಲ್ಲಿ ಬಂತು. ಆಡಳಿತ, ಶಾಲೆ, ವೈದ್ಯಕೀಯ ಎಲ್ಲವೂ ಮೈಸೂರಿನಲ್ಲಿ ಬೇರುಬಿಟ್ಟವು. ಸಂಸ್ಥಾನದ ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂತು. ಅದರ ಜೊತೆಗಿನ ಕೃಷ್ಣರಾಜೇಂದ್ರ ಆಸ್ಪತ್ರೆ ಸುತ್ತಲಿನ ಸೀಮೆಗೆಲ್ಲ ‘ದೊಡ್ಡಾಸ್ಪತ್ರೆ’ಯಾಯಿತು. ನಂಜನಗೂಡಿನವರೆಗಿದ್ದ ರೈಲು ಹಳಿ ಮುಂದೆ ಬದನಗುಪ್ಪೆಯ ಮೇಲೆ ಚಾಮರಾಜನಗರಕ್ಕೆ ಬಂದು ಅಲ್ಲಿಗೇ ನಿಂತಿತು. ಅದರಾಚೆ ಬಿಳಿಗಿರಿರಂಗನ ಬೆಟ್ಟ, ಬಂಡೀಪುರದ ಕಾಡು, ತಮಿಳುನಾಡಿನ ಗಡಿ. ಹಳಿ ಎಲ್ಲಿ ಮುಗಿಯಿತೋ ಅಲ್ಲಿಗೆ ಸರ್ಕಾರದ ಗಮನವೂ ಮುಗಿಯುತ್ತಿತ್ತು ಎಂದರೆ ಅತಿಶಯೋಕ್ತಿಯಲ್ಲ.

1997ರ ಆಗಸ್ಟಿನಲ್ಲಿ ಜೆ.ಎಚ್. ಪಟೇಲರ ಸರ್ಕಾರ ಮೈಸೂರು ಜಿಲ್ಲೆಯನ್ನು ಒಡೆದು ಚಾಮರಾಜನಗರ ಜಿಲ್ಲೆಯನ್ನು ಮಾಡಿತು. ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ ಮತ್ತು ಯಳಂದೂರು ಹೊಸ ಜಿಲ್ಲೆಯ ತಾಲ್ಲೂಕುಗಳಾದವು. ಹನೂರು ಬಳಿಕ ಸೇರಿಕೊಂಡಿತು. ಹೊಸ ಜಿಲ್ಲೆಯ ಉದ್ಘಾಟನೆ ನಡೆದದ್ದು ಮಲೆ ಮಹದೇಶ್ವರ ಬೆಟ್ಟದಲ್ಲಿ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾನೆ ಎಂಬ ಮೂಢನಂಬಿಕೆ ಅಷ್ಟರಲ್ಲಾಗಲೇ ರಾಜ್ಯದ ರಾಜಕಾರಣದಲ್ಲಿ ಬಲವಾಗಿ ನೆಲೆಯೂರಿತ್ತು. ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಹೀಗೆ ಒಬ್ಬೊಬ್ಬರ ಹೆಸರನ್ನೂ ಅದಕ್ಕೆ ಸಾಕ್ಷಿಯಾಗಿ ಹೇಳುತ್ತಿದ್ದರು. 2007ರಲ್ಲಿ ಎಚ್.ಡಿ. ಕುಮಾರಸ್ವಾಮಿ ಬಂದುಹೋದ ಕೆಲವೇ ತಿಂಗಳಿಗೆ ಅಧಿಕಾರ ಬಿಟ್ಟಾಗ ಆ ಪಟ್ಟಿಗೆ ಇನ್ನೊಂದು ಹೆಸರು ಸೇರಿತು. 2013ರಿಂದ ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದು, ಐದು ವರ್ಷ ಪೂರೈಸಿ, ಈ ಭಯ ಪೊಳ್ಳೆಂದು ತೋರಿಸಿದರು. ಆದರೆ ಅದಕ್ಕೂ ಮುಂಚೆ ಮುಖ್ಯಮಂತ್ರಿ ಕಣ್ಣಾರೆ ನೋಡದೆ ಹೋದ ವಾರ್ಡುಗಳು, ಅವರ ಎದುರು ಹೇಳಿಕೊಳ್ಳಲಾಗದ ಅಹವಾಲುಗಳು ಎಷ್ಟೋ! ಇದನ್ನು ರಾಜಕೀಯದ ಸ್ವಾರಸ್ಯವೆಂದು ಬರೆಯುವವರು ಬಹಳ ಮಂದಿ. ಹತ್ತು ಲಕ್ಷ ಜನರ ಒಂದು ಜಿಲ್ಲೆಗೆ ಮಾಡಿದ ಅವಮಾನವೆಂದೇ ನಾನು ಅದನ್ನು ತಿಳಿಯುತ್ತೇನೆ.

ಜಿಲ್ಲೆ ಎಂಬ ಹೆಸರಿನೊಂದಿಗೆ ಜಿಲ್ಲಾಧಿಕಾರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಆಸ್ಪತ್ರೆ ಬಂದವು. ವೈದ್ಯಕೀಯ ಕಾಲೇಜು ಬರಲು ಸುಮಾರು ಇಪ್ಪತ್ತು ವರ್ಷ ಕಾಯಬೇಕಾಯಿತು. ಚಾಮರಾಜನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಜನರ ಬಾಯಲ್ಲಿ ಸಿಮ್ಸ್, 2016ರಲ್ಲಿ ನಗರದ ಹೊರಗೆ ಯಡಪುರದಲ್ಲಿ ಆರಂಭವಾಯಿತು. ಕಾಲೇಜಿಗೆ ಸ್ವಂತ ಬೋಧನಾ ಆಸ್ಪತ್ರೆ ಇನ್ನೂ ಇರಲಿಲ್ಲ. ಊರೊಳಗಿನ ಹಳೆಯ ಜಿಲ್ಲಾ ಆಸ್ಪತ್ರೆಯೇ ಅದಕ್ಕೂ ಆಸರೆಯಾಯಿತು.

ಎಚ್ಚರಿಕೆಯ ಮೊದಲ ಗಂಟೆ ಬಾರಿಸಿದ್ದು 2018ರ ಡಿಸೆಂಬರ್ 14ರಂದು. ಹನೂರು ಭಾಗದ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು, 17 ಮಂದಿ ಸತ್ತರು. ಕೀಟನಾಶಕದ ವಿಷ ಉಸಿರಾಟದ ಸ್ನಾಯುಗಳನ್ನೇ ಹಿಡಿಯುತ್ತದೆ. ಅಂಥವರಿಗೆ ಗಂಟೆಗಳೊಳಗೆ ವೆಂಟಿಲೇಟರ್ ಬೇಕು. ಅಷ್ಟು ಜನರಿಗೆ ಒಮ್ಮೆಗೇ ಕೊಡುವಷ್ಟು ವೆಂಟಿಲೇಟರುಗಳು ಜಿಲ್ಲೆಯಲ್ಲಿರಲಿಲ್ಲ. ಕಾಡಿನಂಚಿನ ಊರಿನಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ ಒಂದರ ಹಿಂದೊಂದು ಆಂಬುಲೆನ್ಸ್ ಮೈಸೂರಿಗೆ ಓಡಿತು. ಕೆ.ಆರ್. ಆಸ್ಪತ್ರೆಯ ಜೊತೆಗೆ ಅಲ್ಲಿನ ಖಾಸಗಿ ಆಸ್ಪತ್ರೆಗಳೂ ಈ ಬಡ ಕೂಲಿಕಾರರಿಂದ ತುಂಬಿದವು. ವಿಷ ಹಾಕಿದವರ ಮೇಲೆ ಮೊಕದ್ದಮೆ ನಡೆಯಿತು, ಅದು ನಡೆಯಲೇಬೇಕಿತ್ತು. ದೂರದಿಂದಾಗಿ ಸತ್ತವರೆಷ್ಟು ಎಂಬ ಪ್ರಶ್ನೆ ಮಾತ್ರ ಆ ಗದ್ದಲದಲ್ಲಿ ಮರೆತೇಹೋಯಿತು.

2020ರಲ್ಲಿ ಕೊರೊನಾ ಬಂದಾಗ ಚಾಮರಾಜನಗರ ರಾಜ್ಯಕ್ಕೇ ಮಾದರಿಯಾಯಿತು. ಕೇರಳ, ತಮಿಳುನಾಡು ಎರಡರ ಗಡಿಯೂ ಇದ್ದ ಈ ಜಿಲ್ಲೆಯಲ್ಲಿ ಜೂನ್ ಎರಡನೇ ವಾರದವರೆಗೆ ಒಂದೇ ಒಂದು ಪ್ರಕರಣ ಕಾಣಿಸಲಿಲ್ಲ. ರಾಜ್ಯದಲ್ಲಿ ಸೋಂಕಿಲ್ಲದೆ ಉಳಿದ ಕೊನೆಯ ಜಿಲ್ಲೆ ಅದು. ಚೆಕ್‌ಪೋಸ್ಟುಗಳಲ್ಲಿ ರಾತ್ರಿಯಿಡೀ ನಿಂತ ಪೊಲೀಸರು, ಹಾಡಿಗಳಿಗೆ ಹೋಗಿ ತಿಳಿಹೇಳಿದ ಆಶಾ ಕಾರ್ಯಕರ್ತೆಯರು, ಜಿಲ್ಲಾಡಳಿತ, ಎಲ್ಲರಿಗೂ ಆ ಹೆಮ್ಮೆ ಸಲ್ಲಬೇಕು. ಜೂನ್ 9ರಂದು ಮಹಾರಾಷ್ಟ್ರದಿಂದ ಬಂದವರೊಬ್ಬರಲ್ಲಿ ಸೋಂಕು ಪತ್ತೆಯಾಗಿ ಆ ಹೆಗ್ಗಳಿಕೆ ಮುಗಿಯಿತು. ಜಿಲ್ಲೆ ಆ ವರ್ಷ ಗೆದ್ದದ್ದು ರೋಗವನ್ನು ಗಡಿಯಲ್ಲಿ ತಡೆಯುವ ಮೂಲಕ. ಒಳಗೆ ಬಂದ ರೋಗವನ್ನು ಎದುರಿಸುವ ಶಕ್ತಿಯನ್ನು ಬೆಳೆಸಿಕೊಳ್ಳಲು ಸಿಕ್ಕ ಹತ್ತು ತಿಂಗಳು ಹಾಗೇ ಕಳೆದುಹೋದವು. ಇಡೀ ದೇಶವೇ ಮಾಡಿದ ತಪ್ಪು ಅದು. ಆದರೆ ಅದರ ಬೆಲೆಯನ್ನು ಎಲ್ಲ ಊರುಗಳೂ ಒಂದೇ ಸಮ ತೆರಲಿಲ್ಲ.

ಎರಡನೇ ಅಲೆ 2021ರ ಏಪ್ರಿಲಿನಲ್ಲಿ ಬಂತು. ಸೋಂಕಿತರ ಶ್ವಾಸಕೋಶ ದಿನ ಎರಡು ದಿನದಲ್ಲೇ ಕುಸಿಯುತ್ತಿತ್ತು. ಇಲ್ಲಿ ಸ್ವಲ್ಪ ಲೆಕ್ಕ ನೋಡಬೇಕು. ಆಸ್ಪತ್ರೆಗಳಲ್ಲಿ ಬಳಸುವ ಜಂಬೋ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಆಮ್ಲಜನಕವಿರುತ್ತದೆ. ಸಾಮಾನ್ಯ ಮುಖಗವಸಿನಲ್ಲಿ ನಿಮಿಷಕ್ಕೆ 10 ಲೀಟರಿನಂತೆ ಕೊಟ್ಟರೆ ಒಬ್ಬ ರೋಗಿಗೆ ಒಂದು ಸಿಲಿಂಡರ್ ಹನ್ನೊಂದು ಗಂಟೆಯ ಮೇಲೆ ಬರುತ್ತದೆ. ಮೂಗಿನ ಕೊಳವೆಯಲ್ಲಿ ಹೆಚ್ಚಿನ ವೇಗದಿಂದ, ನಿಮಿಷಕ್ಕೆ 60 ಲೀಟರ್ ಕೊಡಬೇಕಾಗಿ ಬಂದರೆ ಅದೇ ಸಿಲಿಂಡರ್ ಎರಡು ಗಂಟೆಯೊಳಗೆ ಬರಿದು. ಹತ್ತಾರು ರೋಗಿಗಳ ಸ್ಥಿತಿ ಒಂದೇ ಸಂಜೆ ಬಿಗಡಾಯಿಸಿತೆಂದರೆ ಬೆಳಿಗ್ಗೆ ಸಾಕೆನಿಸಿದ್ದ ದಾಸ್ತಾನು ರಾತ್ರಿಗೆ ಸಾಲದು. ಆದ್ದರಿಂದಲೇ ದೊಡ್ಡ ಆಸ್ಪತ್ರೆಗಳು ಮೈನಸ್ 183 ಡಿಗ್ರಿಯಲ್ಲಿ ದ್ರವವಾಗಿಸಿದ ಆಮ್ಲಜನಕವನ್ನು ಟ್ಯಾಂಕಿನಲ್ಲಿ ಇಟ್ಟುಕೊಳ್ಳುತ್ತವೆ. ಒಂದು ಲೀಟರ್ ದ್ರವ ಎಂಟುನೂರು ಲೀಟರಿಗೂ ಹೆಚ್ಚು ಅನಿಲವಾಗುತ್ತದೆ. ಚಾಮರಾಜನಗರದ ಆಸ್ಪತ್ರೆಯಲ್ಲೂ ಟ್ಯಾಂಕ್ ಇತ್ತು. ಆದರೆ ದ್ರವ ಆಮ್ಲಜನಕ ರಾಜ್ಯದಲ್ಲಿ ಹೆಚ್ಚಾಗಿ ತಯಾರಾಗುತ್ತಿದ್ದದ್ದು ನಾನೂರಕ್ಕೂ ಹೆಚ್ಚು ಕಿಲೋಮೀಟರ್ ಆಚೆಯ ಬಳ್ಳಾರಿ ಸೀಮೆಯ ಉಕ್ಕಿನ ಕಾರ್ಖಾನೆಗಳ ಬಳಿ. ಸಿಲಿಂಡರುಗಳನ್ನು ತುಂಬುವ ಘಟಕವೂ ಜಿಲ್ಲೆಯಲ್ಲಿರಲಿಲ್ಲ. ಖಾಲಿ ಸಿಲಿಂಡರುಗಳನ್ನು ಲಾರಿಗೆ ಹೇರಿ ಮೈಸೂರಿಗೆ ಕಳಿಸಬೇಕು, ತುಂಬಿಸಿಕೊಂಡು ತರಬೇಕು. ಮೈಸೂರಿನಲ್ಲೇ ಹಾಸಿಗೆ ಸಿಗದೆ ಜನ ಸಾಯುತ್ತಿದ್ದಾಗ ಆ ಲಾರಿ ಮೈಸೂರಿನ ಸರದಿಯಲ್ಲಿ ನಿಂತು ಕಾಯಬೇಕಿತ್ತು.

ಮುನ್ಸೂಚನೆಗಳಿಗೆ ಕೊರತೆಯಿರಲಿಲ್ಲ. ಏಪ್ರಿಲ್ 21ರಂದು ನಾಸಿಕದ ಝಾಕಿರ್ ಹುಸೇನ್ ಆಸ್ಪತ್ರೆಯಲ್ಲಿ ಟ್ಯಾಂಕ್ ಸೋರಿ ಇಪ್ಪತ್ತಕ್ಕೂ ಹೆಚ್ಚು ರೋಗಿಗಳು ಸತ್ತಿದ್ದರು. ಆ ವಾರವೇ ದೆಹಲಿಯ ಜೈಪುರ ಗೋಲ್ಡನ್ ಆಸ್ಪತ್ರೆಯಲ್ಲಿ, ಮೇ 1ರಂದು ಅಲ್ಲಿನದೇ ಬತ್ರಾ ಆಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ರೋಗಿಗಳು ಸತ್ತರು. ಸುದ್ದಿವಾಹಿನಿಗಳು ಇದನ್ನೆಲ್ಲ ದಿನವಿಡೀ ತೋರಿಸುತ್ತಿದ್ದವು. ಕರ್ನಾಟಕದಲ್ಲಿ ಏಪ್ರಿಲ್ 27ರ ರಾತ್ರಿಯಿಂದ ಕರ್ಫ್ಯೂ ಜಾರಿಯಾಗಿತ್ತು. ಬಸ್ಸುಗಳಿಲ್ಲ, ಅಂಗಡಿಗಳಿಲ್ಲ. ಬದನಗುಪ್ಪೆಯಂಥ ಊರಿನವರಿಗೆ ಜಿಲ್ಲಾ ಆಸ್ಪತ್ರೆ ಬಿಟ್ಟರೆ ಬೇರೆ ಬಾಗಿಲೇ ಇರಲಿಲ್ಲ.

ಮೇ 2 ಭಾನುವಾರ. ಬಂಗಾಳ, ತಮಿಳುನಾಡು, ಕೇರಳದ ಚುನಾವಣಾ ಫಲಿತಾಂಶ ಆ ದಿನವೇ ಬರುತ್ತಿತ್ತು. ರಾಜ್ಯದಲ್ಲೂ ಬೆಳಗಾವಿ, ಮಸ್ಕಿ, ಬಸವಕಲ್ಯಾಣದ ಉಪಚುನಾವಣೆಗಳ ಎಣಿಕೆ. ಚಾಮರಾಜನಗರದ ಆಸ್ಪತ್ರೆಯಲ್ಲಿ ಮಾತ್ರ ದಾಸ್ತಾನು ಕರಗುತ್ತಿತ್ತು, ಮೈಸೂರಿಗೆ ಕರೆಗಳ ಮೇಲೆ ಕರೆ ಹೋಗುತ್ತಿತ್ತು. ತಡರಾತ್ರಿಯ ಹೊತ್ತಿಗೆ ಆಮ್ಲಜನಕ ಮುಗಿಯಿತು. ಅಲ್ಲಿಂದ ಬೆಳಗಿನ ಜಾವದವರೆಗಿನ ಆ ಗಂಟೆಗಳಲ್ಲಿ ವಾರ್ಡುಗಳ ಒಳಗೆ ಏನಾಯಿತೆಂಬುದನ್ನು ಬದುಕುಳಿದವರು, ಕೊನೆಯ ಫೋನ್ ಕರೆ ಕೇಳಿಸಿಕೊಂಡ ಮನೆಯವರು ವರ್ಷಗಟ್ಟಲೆ ಹೇಳುತ್ತಲೇ ಬಂದಿದ್ದಾರೆ. ಅದನ್ನು ಬಣ್ಣಿಸಿ ಬರೆಯುವ ಹಕ್ಕು ನನಗಿಲ್ಲ. ಮೇ 3ರ ಬೆಳಿಗ್ಗೆ ಆಸ್ಪತ್ರೆಯ ಅಂಗಳ ಬಂಧುಗಳ ಗೋಳಿನಿಂದ ತುಂಬಿತ್ತು. 24 ಗಂಟೆಗಳಲ್ಲಿ 24 ಮಂದಿ ಸತ್ತರೆಂಬ ಸುದ್ದಿ ಅಂದೇ ದೇಶಕ್ಕೆಲ್ಲ ತಿಳಿಯಿತು.

ಮೊದಲ ಜಗಳ ಎದ್ದದ್ದು ಎರಡು ಜಿಲ್ಲೆಗಳ ನಡುವೆ. ಚಾಮರಾಜನಗರಕ್ಕೆ ಬರಬೇಕಿದ್ದ ಸಿಲಿಂಡರುಗಳನ್ನು ಮೈಸೂರಿನಲ್ಲಿ ತಡೆಹಿಡಿದರು ಎಂಬ ಆರೋಪ ಬಂತು. ಮೈಸೂರಿನ ಆಗಿನ ಜಿಲ್ಲಾಧಿಕಾರಿ ರೋಹಿಣಿ ಸಿಂಧೂರಿ ಅದನ್ನು ಅಲ್ಲಗಳೆದರು. ಕೇಳಿದ್ದನ್ನು ಕಳಿಸಿದ್ದೇವೆ ಎಂದರು. ಜಿಲ್ಲೆ ಬೇರೆಯಾಗಿ 24 ವರ್ಷವಾದ ಮೇಲೂ ಉಸಿರಿಗಾಗಿ ತಾಯಿ ಜಿಲ್ಲೆಯ ಬಾಗಿಲಲ್ಲೇ ನಿಲ್ಲಬೇಕಿತ್ತು ಎಂಬುದನ್ನು ಆ ವಾಗ್ವಾದವೇ ಸಾರುತ್ತಿತ್ತು. ಕಾಗದದ ಮೇಲೆ ಜಿಲ್ಲೆ ಮಾಡುವುದು ಸುಲಭ. ಅದಕ್ಕೆ ತನ್ನದೇ ಆದ ಉಸಿರನ್ನು ಕಟ್ಟಿಕೊಡಲು ಯಾರೂ ಅಷ್ಟು ಆಸ್ಥೆ ತೋರಿರಲಿಲ್ಲ.

ಎರಡನೆಯ ಜಗಳ ಸಂಖ್ಯೆಯದು, ಅದು ಇಂದಿಗೂ ನಿಂತಿಲ್ಲ. ಆಮ್ಲಜನಕವಿಲ್ಲದೆ ಸತ್ತವರು ಮೂವರು ಮಾತ್ರ, ಉಳಿದವರು ಬೇರೆ ಕಾಯಿಲೆಗಳಿಂದ, ಬೇರೆ ಹೊತ್ತಿನಲ್ಲಿ ಸತ್ತರು ಎಂಬುದು ಸರ್ಕಾರದ ಮೊದಲ ನಿಲುವು. ಆಗಿನ ಆರೋಗ್ಯ ಸಚಿವ ಕೆ. ಸುಧಾಕರ್ ಈ ಮಾತಿಗಾಗಿ ವರ್ಷಗಳ ಕಾಲ ಟೀಕೆ ಎದುರಿಸಬೇಕಾಯಿತು. ಸರ್ಕಾರ ನಿವೃತ್ತ ನ್ಯಾಯಮೂರ್ತಿ ಬಿ.ಎ. ಪಾಟೀಲರ ವಿಚಾರಣಾ ಆಯೋಗವನ್ನು ನೇಮಿಸಿತು. ಅದಕ್ಕಿಂತ ವೇಗವಾಗಿ ನಡೆದದ್ದು ಹೈಕೋರ್ಟ್. ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ಅವರ ಪೀಠದ ಸೂಚನೆಯ ಮೇಲೆ ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ನೇತೃತ್ವದ ಮೂವರ ಸಮಿತಿ ರಚನೆಯಾಯಿತು. ನಿವೃತ್ತ ನ್ಯಾಯಮೂರ್ತಿ ಕೆ.ಎನ್. ಕೇಶವನಾರಾಯಣ ಮತ್ತು ನಿವೃತ್ತ ಪೊಲೀಸ್ ಮಹಾನಿರ್ದೇಶಕ ಎಸ್.ಟಿ. ರಮೇಶ್ ಅದರ ಇತರ ಸದಸ್ಯರು. ಸ್ಥಳಕ್ಕೆ ಹೋಗಿ, ಆಸ್ಪತ್ರೆಯ ದಾಖಲೆಗಳನ್ನು ವಶಕ್ಕೆ ಪಡೆದು, ಕೆಲವೇ ದಿನಗಳಲ್ಲಿ ಸಮಿತಿ ವರದಿ ಕೊಟ್ಟಿತು. ಆಮ್ಲಜನಕದ ಕೊರತೆ ಮತ್ತು ಅದರ ಪರಿಣಾಮದಿಂದ ಸತ್ತವರು 36 ಮಂದಿ ಎಂದು ಅದು ಹೇಳಿತು. ಮೈಸೂರು ಜಿಲ್ಲಾಧಿಕಾರಿ ಪೂರೈಕೆಗೆ ಅಡ್ಡಿಪಡಿಸಿದರೆಂಬುದಕ್ಕೆ ಆಧಾರವಿಲ್ಲ ಎಂದಿತು. ಚಾಮರಾಜನಗರದ ಜಿಲ್ಲಾಡಳಿತ ಬಿಕ್ಕಟ್ಟನ್ನು ನಿಭಾಯಿಸುವಲ್ಲಿ ವಿಫಲವಾಯಿತು ಎಂದೂ ದಾಖಲಿಸಿತು.

ಮೂರು, ಇಪ್ಪತ್ನಾಲ್ಕು, ಮೂವತ್ತಾರು. ಇವುಗಳ ನಡುವಿನ ಅಂತರ ಬರಿಯ ರಾಜಕೀಯದ್ದಲ್ಲ, ಅದರೊಳಗೆ ಒಂದು ವೈದ್ಯಕೀಯ ಪ್ರಶ್ನೆಯೂ ಇದೆ. ಆಮ್ಲಜನಕ ನಿಂತ ನಿಮಿಷದಲ್ಲೇ ಸತ್ತವನನ್ನಷ್ಟೇ ಎಣಿಸಬೇಕೋ, ಆ ಗಂಟೆಗಳಲ್ಲಿ ಮೆದುಳಿಗೆ, ಹೃದಯಕ್ಕೆ ಪೆಟ್ಟುಬಿದ್ದು ಸಿಲಿಂಡರ್ ಬಂದ ಮೇಲೆ, ಮರುದಿನ ಸತ್ತವನನ್ನೂ ಎಣಿಸಬೇಕೋ? ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವನ ಸಾವನ್ನು ಯಾವುದರ ಲೆಕ್ಕಕ್ಕೆ ಹಾಕಬೇಕು? ಸಮಿತಿಯ ದಾರಿಯೇ ನ್ಯಾಯದ್ದು ಎಂಬುದು ನನ್ನ ಖಚಿತ ನಂಬಿಕೆ. ಸಕ್ಕರೆ ಕಾಯಿಲೆಯವನು ಆಸ್ಪತ್ರೆಗೆ ಬಂದದ್ದು ಬದುಕುವುದಕ್ಕೆ. ಅವನಿಗೆ ಉಸಿರು ಕೊಡುತ್ತೇವೆಂದು ಸೇರಿಸಿಕೊಂಡ ಮೇಲೆ ಅದು ನಿಂತದ್ದರ ಹೊಣೆಯನ್ನು ಅವನ ರೋಗಕ್ಕೆ ಹೊರಿಸುವಂತಿಲ್ಲ. ಆದರೂ 2021ರ ಜುಲೈ 20ರಂದು ಕೇಂದ್ರ ಸರ್ಕಾರ ರಾಜ್ಯಸಭೆಗೆ ಕೊಟ್ಟ ಉತ್ತರದಲ್ಲಿ, ಆಮ್ಲಜನಕದ ಕೊರತೆಯಿಂದಲೇ ಸತ್ತವರೆಂದು ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂದಿತು. ಚಾಮರಾಜನಗರದ ಮನೆಗಳಲ್ಲಿ ಆ ಉತ್ತರವನ್ನು ಹೇಗೆ ಕೇಳಿಸಿಕೊಂಡಿರಬಹುದು!

ದುರಂತದ ಪರಿಣಾಮ ಮೊದಲು ಕಂಡದ್ದು ಬೆಂಗಳೂರು ಮತ್ತು ದೆಹಲಿಯ ನ್ಯಾಯಾಲಯಗಳಲ್ಲಿ. ಮೇ 5ರಂದು ಕರ್ನಾಟಕ ಹೈಕೋರ್ಟ್ ರಾಜ್ಯದ ದಿನದ ಆಮ್ಲಜನಕದ ಪಾಲನ್ನು 965 ಟನ್ನಿನಿಂದ 1,200 ಟನ್ನಿಗೆ ಏರಿಸುವಂತೆ ಕೇಂದ್ರಕ್ಕೆ ಆದೇಶಿಸಿತು. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಮೇ 7ರಂದು ಸುಪ್ರೀಂ ಕೋರ್ಟ್ ಆ ಆದೇಶದಲ್ಲಿ ಕೈಹಾಕಲು ಒಪ್ಪಲಿಲ್ಲ. ಮೇ 11ರಂದು ಜೆಮ್‌ಶೆಡ್‌ಪುರದಿಂದ ಹೊರಟ ಮೊದಲ ಆಕ್ಸಿಜನ್ ಎಕ್ಸ್‌ಪ್ರೆಸ್ ಬೆಂಗಳೂರಿನ ವೈಟ್‌ಫೀಲ್ಡ್ ತಲುಪಿತು. ಉಕ್ಕಿನ ಕಾರ್ಖಾನೆಗಳ ಆಮ್ಲಜನಕ ನಾಡಿನ ಆಸ್ಪತ್ರೆಗಳಿಗೆ ಇನ್ನೂ ಹೆಚ್ಚು ಹರಿಯತೊಡಗಿತು. ಇಷ್ಟೆಲ್ಲ ಆದದ್ದು ಒಂದು ವಾರದಲ್ಲಿ. ಅಂದರೆ ಇದೆಲ್ಲ ಆಗದ ಕೆಲಸವಾಗಿರಲಿಲ್ಲ.

ಆ ವರ್ಷದ ಅಕ್ಟೋಬರ್ 7ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಯಡಪುರಕ್ಕೆ ಬಂದು ಸಿಮ್ಸ್‌ನ 450 ಹಾಸಿಗೆಗಳ ಬೋಧನಾ ಆಸ್ಪತ್ರೆಯನ್ನು ಉದ್ಘಾಟಿಸಿದರು. ಮುಖ್ಯಮಂತ್ರಿಗಳೇ ಬರಲು ಹೆದರುತ್ತಿದ್ದ ಊರಿಗೆ ದೇಶದ ಪ್ರಥಮ ಪ್ರಜೆ ಬಂದರು. ಕಟ್ಟಡದ ಕೆಲಸ ದುರಂತಕ್ಕೂ ವರ್ಷಗಳ ಮೊದಲೇ ಶುರುವಾಗಿತ್ತು, ಮುಗಿದದ್ದು ಐದು ತಿಂಗಳು ತಡವಾಗಿ. ಈಗ ಬದನಗುಪ್ಪೆಯಿಂದ ಹೊರಟ ರೋಗಿಗೆ ನಗರದ ಹೊರಗೇ ದೊಡ್ಡ ಆಸ್ಪತ್ರೆಯಿದೆ, ಅಲ್ಲೇ ಕಲಿತ ಯುವ ವೈದ್ಯರಿದ್ದಾರೆ. ಬದನಗುಪ್ಪೆಯ ಸೀಮೆಯಲ್ಲೂ ಕಾರ್ಖಾನೆಗಳು ಎದ್ದಿವೆ, ದೇಶದ ದೊಡ್ಡ ಬಣ್ಣದ ಕಂಪನಿಯೊಂದು ಜಿಲ್ಲೆಯಲ್ಲಿ ಘಟಕ ತೆರೆದಿದೆ. ಸಾವಿರಾರು ಕಾರ್ಮಿಕರು, ರಾಸಾಯನಿಕಗಳು, ಹೆದ್ದಾರಿಯ ಲಾರಿಗಳು ಬರುವ ಕಡೆ ಸುಟ್ಟಗಾಯ, ಅಪಘಾತಗಳ ಚಿಕಿತ್ಸೆಗೆ ಈ ಆಸ್ಪತ್ರೆ ಸಜ್ಜಾಗಿರಲೇಬೇಕು. ಇದು ಕೈಗಾರಿಕೆಗೆ ಭೂಮಿ ಕೊಟ್ಟ ರೈತರು ಕೇಳಿ ಪಡೆಯಬೇಕಾದ ಹಕ್ಕೆಂದು ನಾನು ಹೇಳುತ್ತೇನೆ.

ಸತ್ತವರ ಮನೆಗಳ ಕತೆ ಬೇರೆ ವೇಗದಲ್ಲಿ ನಡೆಯಿತು. ಪರಿಹಾರವೆಂದು ಸರ್ಕಾರ ಮೊದಲಿಗೆ ತಲಾ 2 ಲಕ್ಷ ರೂಪಾಯಿ ಕೊಟ್ಟಿತು, ಅದೂ 24ರ ಲೆಕ್ಕ ಹಿಡಿದು. ವಿರೋಧ ಪಕ್ಷದಲ್ಲಿದ್ದ ಡಿ.ಕೆ. ಶಿವಕುಮಾರ್ ಹಳ್ಳಿಹಳ್ಳಿಗೆ ಹೋಗಿ ಕುಟುಂಬಗಳನ್ನು ಕಂಡು ತಮ್ಮ ಪಕ್ಷದಿಂದ ತಲಾ ಒಂದು ಲಕ್ಷ ಕೊಟ್ಟರು. 2022ರ ಸೆಪ್ಟೆಂಬರ್ 30ರಂದು ಭಾರತ್ ಜೋಡೊ ಯಾತ್ರೆ ಗುಂಡ್ಲುಪೇಟೆಯ ಮೂಲಕ ಕರ್ನಾಟಕಕ್ಕೆ ಬಂದಾಗ ರಾಹುಲ್ ಗಾಂಧಿ ಈ ಕುಟುಂಬಗಳ ಜೊತೆ ಕುಳಿತು ಮಾತಾಡಿದರು. ಅಪ್ಪನನ್ನು ಕಳೆದುಕೊಂಡ ಮಕ್ಕಳು, ಗಂಡನನ್ನು ಕಳೆದುಕೊಂಡ ಎಳೆ ವಯಸ್ಸಿನ ಹೆಂಗಸರು ಅಲ್ಲಿ ಕೇಳಿದ್ದು ಒಂದೇ ಮಾತು, ಮನೆ ನಡೆಯುವಂಥ ಕಾಯಂ ಕೆಲಸ. 2023ರಲ್ಲಿ ಸರ್ಕಾರ ಬದಲಾಯಿತು. ಪ್ರಕರಣದ ಮರುತನಿಖೆ ಮಾಡಿಸುತ್ತೇವೆಂದು ಹೊಸ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದರು.

ಕೆಲಸ ಕೊಡುವ ಭರವಸೆ ಪ್ರತಿ ಚುನಾವಣೆಯಲ್ಲೂ, ಮೇ ತಿಂಗಳ ಪ್ರತಿ ವರ್ಷಾಚರಣೆಯಲ್ಲೂ ಮರಳಿ ಬರುತ್ತದೆ. ಹೈಕೋರ್ಟ್ ಸಮಿತಿ ಎಣಿಸಿದ್ದು 36, ಸರ್ಕಾರ ಮೊದಲು ಒಪ್ಪಿದ್ದು 24. ನಡುವಿನ 12 ಮನೆಗಳವರು ತಮ್ಮವರು ಆ ರಾತ್ರಿಯ ಕಾರಣದಿಂದಲೇ ಸತ್ತರೆಂದು ಮೊದಲು ಒಪ್ಪಿಸಬೇಕು, ಆಮೇಲೆ ಪರಿಹಾರ ಕೇಳಬೇಕು. ಆ 36 ಹೆಸರುಗಳನ್ನೂ ಸರ್ಕಾರ ಅಧಿಕೃತವಾಗಿ ಒಪ್ಪಿಕೊಂಡು, ಎಲ್ಲ ಮನೆಗಳಿಗೂ ಒಂದೇ ಸಮನಾದ ಪರಿಹಾರ, ಮನೆಗೊಬ್ಬರಿಗೆ ಕಾಯಂ ಕೆಲಸ ಕೊಡಬೇಕು.